ಮೇಜಿನ ಮೇಲಿನ ರೈಫಲ್, ಬಯಲಿನ ಗಾಳಿ

ರೈಫಲ್ ಸ್ಪರ್ಧೆಯೆಂದರೆ ಬಂದೂಕನ್ನು ಭುಜಕ್ಕಾನಿಸಿ ಕೈಯ ಬಲದಿಂದಲೇ ಹಿಡಿದು ಹೊಡೆಯುವುದು ಎಂಬ ತಿಳಿವಳಿಕೆ ಒಲಿಂಪಿಕ್ಸ್‌ನಿಂದಾಗಿ ಎಲ್ಲೆಡೆ ಹರಡಿದೆ. ಆದರೆ ಬೆಂಚ್‌ರೆಸ್ಟ್ ಎಂಬ ಪ್ರಕಾರದಲ್ಲಿ ರೈಫಲ್ಲು ಅಲುಗಾಡದ ಕಲ್ಲು ಅಥವಾ ಕಾಂಕ್ರೀಟಿನ ಮೇಜಿನ ಮೇಲೆ, ಮುಂಭಾಗದಲ್ಲಿ ಒಂದು ಆನಿಕೆ ಮತ್ತು ಹಿಂಭಾಗದಲ್ಲಿ ಮರಳು ತುಂಬಿದ ಚೀಲದ ಆಸರೆಯಲ್ಲಿ ಕೂತಿರುತ್ತದೆ, ಸ್ಪರ್ಧಿಯು ಅದರ ಹಿಂದೆ ಕುರ್ಚಿಯಲ್ಲಿ ಕುಳಿತು ದೂರದರ್ಶಕದ ಮೂಲಕ ಗುರಿ ಹೊಂದಿಸಿ ಕುದುರೆಯನ್ನು ಮೆಲ್ಲನೆ ಒತ್ತುತ್ತಾನೆ. ಇಷ್ಟೆಲ್ಲ ಆಸರೆಯಿದ್ದ ಮೇಲೆ ಕೌಶಲಕ್ಕೆ ಏನು ಉಳಿಯಿತು ಎಂಬ ಪ್ರಶ್ನೆ ಸಹಜವಾದದ್ದೇ. ಕೈಯ ನಡುಕ, ಉಸಿರಿನ ಏರಿಳಿತ, ನಾಡಿಯ ಮಿಡಿತ ಇವನ್ನು ಲೆಕ್ಕದಿಂದ ತೆಗೆದುಹಾಕಿದಾಗ ಉಳಿಯುವುದು ನಳಿಗೆಯ ನಿಖರತೆ, ಒಂದು ಗುಂಡಿಗೂ ಮತ್ತೊಂದಕ್ಕೂ ಇರುವ ಕೂದಲೆಳೆಯ ವ್ಯತ್ಯಾಸ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಕ್ಷಣಕ್ಷಣಕ್ಕೂ ಬದಲಾಗುವ ಗಾಳಿ.

ದೇಹಕ್ಕೆ ಕೊಟ್ಟ ಈ ರಿಯಾಯಿತಿಯನ್ನು ಅಳತೆಯ ಕಟ್ಟುನಿಟ್ಟು ಬಡ್ಡಿ ಸಮೇತ ಹಿಂದಕ್ಕೆ ಪಡೆಯುತ್ತದೆ. ಸಾಂಪ್ರದಾಯಿಕ ಬೆಂಚ್‌ರೆಸ್ಟ್‌ನಲ್ಲಿ 100, 200 ಅಥವಾ 300 ಗಜ ದೂರದ ಕಾಗದಕ್ಕೆ ಐದು ಇಲ್ಲವೇ ಹತ್ತು ಗುಂಡು ಹೊಡೆದು, ಅವುಗಳಲ್ಲಿ ಅತ್ಯಂತ ದೂರ ಬಿದ್ದ ಎರಡು ರಂಧ್ರಗಳ ಕೇಂದ್ರಗಳ ನಡುವಿನ ಅಂತರವನ್ನು ಅಳೆಯಲಾಗುತ್ತದೆ, ಅಂತರ ಕಡಿಮೆಯಾದಷ್ಟೂ ಸ್ಥಾನ ಮೇಲೇರುತ್ತದೆ. ನೂರು ಗಜದಲ್ಲಿ ಒಂದು ಅಂಗುಲದೊಳಗಿನ ಗುಂಪು ಸಾಮಾನ್ಯ ರೈಫಲ್ಲಿಗೆ ಹೆಮ್ಮೆಯ ಸಾಧನೆಯಾದರೆ, ಈ ಸ್ಪರ್ಧೆಯಲ್ಲಿ ಕಾಲು ಅಂಗುಲವೂ ಗೆಲುವನ್ನು ಖಚಿತಪಡಿಸುವುದಿಲ್ಲ. ಐದೂ ಗುಂಡುಗಳು ಒಂದೇ ತೂತಿನಲ್ಲಿ ಹಾದುಹೋಗುವುದು ಅಪರೂಪವಲ್ಲದ ಕಾರಣ, ನಿಜವಾಗಿ ಐದು ಗುಂಡು ಹಾರಿದವೇ ಎಂದು ಖಾತ್ರಿಪಡಿಸಲು ಗುರಿಕಾಗದದ ಹಿಂದೆ ನಿಧಾನವಾಗಿ ಸರಿಯುವ ಇನ್ನೊಂದು ಕಾಗದವನ್ನು ಕಟ್ಟುವ ಪದ್ಧತಿಯೂ ಇದೆ.

ಎರಡನೇ ಮಹಾಯುದ್ಧದ ಬೆನ್ನಲ್ಲೇ ಅಮೆರಿಕದಲ್ಲಿ ಸಂಘಟಿತ ರೂಪ ಪಡೆದ ಈ ಕ್ರೀಡೆಗೆ 1951ರಲ್ಲಿ ಅಲ್ಲಿ ರಾಷ್ಟ್ರೀಯ ಸಂಘವೊಂದು ಹುಟ್ಟಿತು. ಅದೇ ವರ್ಷ ಭಾರತದಲ್ಲಿ ಲೋಕಸಭೆಯ ಮೊದಲ ಸ್ಪೀಕರ್ ಆಗಲಿದ್ದ ಜಿ. ವಿ. ಮಾವಳಂಕರ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ರೈಫಲ್ ಸಂಸ್ಥೆ ಸ್ಥಾಪನೆಯಾಯಿತಾದರೂ, ಅದು ಹಿಡಿದದ್ದು ಒಲಿಂಪಿಕ್ ಮಾದರಿಯ ದಾರಿಯನ್ನು. ಬಹುಕಾಲ ಬೆಂಚ್‌ರೆಸ್ಟ್, ತಮ್ಮ ಗುಂಡುಗಳನ್ನು ತಾವೇ ತೂಗಿ ತುಂಬಿಕೊಳ್ಳುವ ಹವ್ಯಾಸಿಗಳ ದುಬಾರಿ ಗೀಳಾಗಿಯೇ ಉಳಿದಿತ್ತು. 50 ಮೀಟರ್ ದೂರಕ್ಕೆ ಪಾಯಿಂಟ್ 22 ಗುಂಡು ಬಳಸುವ ಮತ್ತು 25 ಮೀಟರ್ ದೂರಕ್ಕೆ ಗಾಳಿಬಂದೂಕು, ಅಂದರೆ ಏರ್ ರೈಫಲ್ ಬಳಸುವ ವಿಭಾಗಗಳು ಬಂದ ಮೇಲೆ ಚಿತ್ರ ಬದಲಾಯಿತು. ಇಲ್ಲಿ ಗುಂಪಿನ ಅಳತೆಯ ಬದಲು ಒಂದೇ ಹಾಳೆಯ ಮೇಲಿನ 25 ಪುಟ್ಟ ಗುರಿಗಳಿಗೆ ಒಂದೊಂದೇ ಗುಂಡು ಹೊಡೆದು ಅಂಕ ಗಳಿಸಬೇಕು, ಖರ್ಚು ಕಡಿಮೆ, ಸದ್ದು ಕಡಿಮೆ, ಮೈದಾನವೂ ಚಿಕ್ಕದು. ಇವೆರಡಕ್ಕೇ ಮೀಸಲಾದ ಜಾಗತಿಕ ಒಕ್ಕೂಟವೊಂದು ಈಗ ವಿಶ್ವ ಚಾಂಪಿಯನ್‌ಶಿಪ್‌ಗಳನ್ನು ನಡೆಸುತ್ತಿದ್ದು, ಯುರೋಪು, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲೂ ಆಟಗಾರರಿದ್ದಾರೆ.

ಸೇರುವವರು ಯಾರು ಎಂಬುದು ಈ ಬೆಳವಣಿಗೆಯ ಹೆಚ್ಚು ಆಸಕ್ತಿಕರವಾದ ಮಗ್ಗುಲು. ಮಂಡಿನೋವಿನಿಂದ ನಿಲ್ಲಲಾರದವರು, ಅರವತ್ತು ದಾಟಿದವರು, ಗಾಲಿಕುರ್ಚಿಯಲ್ಲಿರುವವರು ಯಾವ ಪ್ರತ್ಯೇಕ ವಿಭಾಗದ ಅಗತ್ಯವೂ ಇಲ್ಲದೆ ಇತರರ ಸಾಲಿನಲ್ಲೇ ಕುಳಿತು ಸ್ಪರ್ಧಿಸಬಹುದು. ಇದಕ್ಕೆ ಹತ್ತಿರವಾದ ಉದಾಹರಣೆ ಕರ್ನಾಟಕದಲ್ಲೇ ಇದೆ: 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಸ್ಪರ್ಧಿಸುವುದು ಎಸ್‌ಎಚ್-2 ಎಂಬ ವರ್ಗದಲ್ಲಿ, ಅಂದರೆ ತೋಳಿನಿಂದ ರೈಫಲ್ಲಿನ ಭಾರ ಹೊರಲಾಗದವರ ವರ್ಗದಲ್ಲಿ, ಅಲ್ಲಿ ನಿಯಮವೇ ಸ್ಪ್ರಿಂಗ್ ಇರುವ ಆಸರೆಯೊಂದನ್ನು ಒದಗಿಸುತ್ತದೆ. ಅದು ಬೆಂಚ್‌ರೆಸ್ಟ್ ಅಲ್ಲ. ಆದರೆ ಭಾರವನ್ನು ಸ್ಟ್ಯಾಂಡಿಗೆ ಬಿಟ್ಟು ತೀರ್ಮಾನವನ್ನು ಮನುಷ್ಯನಿಗೆ ಉಳಿಸುವ ತತ್ತ್ವ ಎರಡರಲ್ಲೂ ಒಂದೇ.

ರಾಯಚೂರು ಸೀಮೆಗೆ ಬೆಂಚ್‌ರೆಸ್ಟ್ ಇನ್ನೂ ಹೊರಗಿನ ಆಟವೇ ಆದರೂ, ಗುರಿಯಿಟ್ಟ ಬಂದೂಕು ಹೊರಗಿನದಲ್ಲ. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ರಾಯಚೂರು ಕೋಟೆಯ ಮುತ್ತಿಗೆಯನ್ನು ಮುಂದುವರಿಸಿದಾಗ, ಕುದುರೆ ಮಾರಲು ಬಂದಿದ್ದ ಪೋರ್ಚುಗೀಸ್ ಕ್ರಿಸ್ಟೋವಾ ಡಿ ಫಿಗರೆಡೊ ತನ್ನ ಇಪ್ಪತ್ತು ಮಂದಿ ಸಂಗಡಿಗರೊಡನೆ ಕೋಟೆಯ ಮೇಲೆ ತಲೆಯೆತ್ತಿದವರನ್ನು ಒಬ್ಬೊಬ್ಬರಾಗಿ ಬಂದೂಕಿನಿಂದ ಕೆಡವಿದನೆಂದೂ, ಆ ರಕ್ಷಣೆಯಲ್ಲಿ ರಾಯನ ಸೈನಿಕರು ಗೋಡೆಯ ಕಲ್ಲುಗಳನ್ನು ಕೀಳತೊಡಗಿದರೆಂದೂ, ಕೊನೆಗೆ ಬಗ್ಗಿ ನೋಡಿದ ಕೋಟೆಯ ಅಧಿಪತಿಯ ಹಣೆಗೇ ಗುಂಡು ತಗುಲಿ ಕೋಟೆ ಶರಣಾಯಿತೆಂದೂ ವಿಜಯನಗರದ ವೃತ್ತಾಂತಕಾರ ನ್ಯೂನಿಜ್ ಬರೆದಿದ್ದಾನೆ. ಪೋರ್ಚುಗೀಸನೇ ಆದ ನ್ಯೂನಿಜ್ ತನ್ನ ನಾಡಿಗರ ಸಾಹಸಕ್ಕೆ ತುಸು ಬಣ್ಣ ಹಚ್ಚಿರಬಹುದು. ಅದನ್ನು ಕಳೆದರೂ, ಅಂದಾಜಿನಲ್ಲಿ ಸುರಿಸುವ ಗುಂಡಿಗಿಂತ ಆಯ್ದು ಹೊಡೆದ ಗುಂಡು ಯುದ್ಧದ ದಿಕ್ಕು ಬದಲಿಸಬಲ್ಲದೆಂಬುದಕ್ಕೆ ದಖ್ಖಣದಲ್ಲಿ ಸಿಗುವ ಮೊದಮೊದಲ ಸಾಕ್ಷ್ಯಗಳಲ್ಲಿ ಇದು ಒಂದು. ಮುಂದೆ ಇದೇ ಸೀಮೆಯ ದೇವದುರ್ಗವು ಬೇಡ ನಾಯಕರ ನೆಲೆಯಾಯಿತು. ಅದೇ ಸಮುದಾಯದ ಸುರಪುರದ ನಾಯಕರು 1705ರಲ್ಲಿ ವಾಗಿನಗೇರಿಯಲ್ಲಿ ಔರಂಗಜೇಬನ ಸೈನ್ಯವನ್ನು ತಡೆದು ನಿಲ್ಲಿಸಿದಾಗ ಅವರ ಬಂದೂಕುಗಾರರ ಗುರಿ ಮೊಘಲರಿಗೆ ಚೆನ್ನಾಗಿಯೇ ಅನುಭವಕ್ಕೆ ಬಂದಿತ್ತು.

ಈ ಪರಂಪರೆ ಕ್ರೀಡೆಯಾಗಿ ಮುಂದುವರಿಯದೆ ಹೋದದ್ದರಲ್ಲಿ ಕಾನೂನಿನ ಪಾಲು ದೊಡ್ಡದು. ಬ್ರಿಟಿಷರ 1857ರ ನಿಶ್ಶಸ್ತ್ರೀಕರಣವನ್ನು ಹಲಗಲಿಯ ಬೇಡರು ಪ್ರಾಣ ಕೊಟ್ಟು ವಿರೋಧಿಸಿದರೂ ಪರವಾನಗಿ ಪದ್ಧತಿ ಬೇರುಬಿಟ್ಟಿತು. ವಿನಾಯಿತಿ ಉಳಿಸಿಕೊಂಡ ಕೊಡಗಿನಲ್ಲಿ ಮಾತ್ರ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಜೀವಂತವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪಾಯಿಂಟ್ 22 ರೈಫಲ್ಲಿಗೂ ಪರವಾನಗಿ ಬೇಕು. ಆದರೆ 2016ರ ನಿಯಮಗಳು 4.5 ಮಿಲಿಮೀಟರ್ ವ್ಯಾಸ ಮತ್ತು 20 ಜೂಲ್ ಶಕ್ತಿಯನ್ನು ಮೀರದ ಏರ್ ರೈಫಲ್ಲಿಗೆ ಪರವಾನಗಿಯಿಂದ ವಿನಾಯಿತಿ ಕೊಟ್ಟಿವೆ. ಅಂತರರಾಷ್ಟ್ರೀಯ ಏರ್ ರೈಫಲ್ ಬೆಂಚ್‌ರೆಸ್ಟ್‌ನ ಹಗುರ ವರ್ಗದ ಮಿತಿ 16 ಜೂಲ್‌ನ ಆಸುಪಾಸಿನಲ್ಲಿರುವುದರಿಂದ, ಮಾನ್ವಿಯ ನಿವೃತ್ತ ಶಿಕ್ಷಕನಾಗಲಿ ದೇವದುರ್ಗದ ಕಾಲೇಜು ವಿದ್ಯಾರ್ಥಿನಿಯಾಗಲಿ ಕಾನೂನಿನ ಚೌಕಟ್ಟಿನಲ್ಲೇ ಈ ಆಟ ಕಲಿಯಲು ಅಡ್ಡಿಯಿಲ್ಲ. ಸುರಕ್ಷಿತ ಹಿಂಗೋಡೆ ಮತ್ತು ಮೇಲ್ವಿಚಾರಣೆಯಿಲ್ಲದೆ ಹೊಲದ ಬದುವಿನಲ್ಲಿ ಹೊಡೆಯುವುದು ಅಭ್ಯಾಸವಲ್ಲ, ಅಪಾಯ ಎಂಬುದನ್ನು ಇಲ್ಲಿಯೇ ಹೇಳಬೇಕು.

ಗಾಳಿಯ ವಿಷಯಕ್ಕೆ ಬಂದರೆ ರಾಯಚೂರಿನ ಈ ದೋಆಬು, ಅಂದರೆ ಎರಡು ನದಿಗಳ ನಡುವಿನ ನೆಲ, ಕಠಿಣವಾದ ಪಾಠಶಾಲೆ. ಅಡ್ಡಗಾಳಿ ಗುಂಡನ್ನು ಎಷ್ಟು ಸರಿಸುತ್ತದೆ ಎಂಬುದು ಗುಂಡು ಗಾಳಿಯಲ್ಲಿ ಕಳೆದ ಒಟ್ಟು ಸಮಯದಿಂದಲ್ಲ, ವಾಯುವಿನ ಪ್ರತಿರೋಧದಿಂದ ಅದಕ್ಕಾದ ತಡದಿಂದ ನಿರ್ಧಾರವಾಗುತ್ತದೆ. ಪಾಯಿಂಟ್ 22 ಗುಂಡಿಗೆ 50 ಮೀಟರ್‌ನಲ್ಲಿ ಆಗುವ ಈ ತಡ ಸೆಕೆಂಡಿನ ನೂರರಲ್ಲೊಂದು ಭಾಗಕ್ಕಿಂತ ಕಡಿಮೆಯಾದರೂ, ಸೆಕೆಂಡಿಗೆ 3 ಮೀಟರ್ ವೇಗದ ಮಂದಗಾಳಿ ಅದನ್ನು ಸುಮಾರು 2 ಸೆಂಟಿಮೀಟರ್ ಪಕ್ಕಕ್ಕೆ ತಳ್ಳುತ್ತದೆ, ಅಂದರೆ ಗುಂಡಿನ ಅಗಲದ ಮೂರು ಪಟ್ಟಿಗೂ ಹೆಚ್ಚು. ಮೇಜಿನ ಹತ್ತಿರ ಬೀಸುವ ಗಾಳಿ ಗುರಿಯ ಬಳಿ ಬೀಸುವುದಕ್ಕಿಂತ ಹೆಚ್ಚು ಕೆಡಿಸುತ್ತದೆ, ಏಕೆಂದರೆ ಆರಂಭದಲ್ಲಿ ತಿರುಗಿದ ಗುಂಡು ಉಳಿದ ದೂರವನ್ನೆಲ್ಲ ಆ ಕೋನದಲ್ಲೇ ಸಾಗುತ್ತದೆ. ಆದ್ದರಿಂದಲೇ ಸ್ಪರ್ಧಿಗಳು ದಾರಿಯುದ್ದಕ್ಕೂ ಪುಟ್ಟ ಬಾವುಟಗಳನ್ನು ನೆಟ್ಟು, ಪ್ರತಿಯೊಂದಕ್ಕೂ ಬೇರೆ ತೂಕ ಕೊಟ್ಟು ಓದುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಕಾದ ಎರೆಭೂಮಿಯಿಂದ ಏಳುವ ಝಳ ದೂರದರ್ಶಕದಲ್ಲಿ ಗುರಿಯನ್ನೇ ಕುಣಿಸುತ್ತದೆ. ಆ ಝಳ ಹರಿಯುವ ದಿಕ್ಕು ಗಾಳಿಯ ದಿಕ್ಕನ್ನೂ ತೋರಿಸುವುದರಿಂದ, ಅದು ಅಡಚಣೆಯಾಗಿರುವಂತೆಯೇ ಸೂಚನೆಯೂ ಹೌದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಭತ್ತದ ಗದ್ದೆಗಳ ಮೇಲೆ ಝಳ ಹಗುರವಾಗಿರುತ್ತದೆ, ಒಣ ಎರೆಯ ಮೇಲೆ ಬೆಳಿಗ್ಗೆ ಹತ್ತಕ್ಕೇ ದಟ್ಟವಾಗುತ್ತದೆ.

ಸೂರ್ಯ ಕಣ್ಣಿಗೆ ಹೊಡೆಯದಂತೆ ಶೂಟಿಂಗ್ ಮೈದಾನಗಳನ್ನು ನಮ್ಮ ಗೋಳಾರ್ಧದಲ್ಲಿ ಸಾಮಾನ್ಯವಾಗಿ ಉತ್ತರಾಭಿಮುಖವಾಗಿ ಕಟ್ಟುತ್ತಾರೆ. ರಾಯಚೂರಿನಲ್ಲಿ ಹಾಗೆ ಕಟ್ಟಿದ ಮೈದಾನಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣದ ಮುಂಗಾರು ಗಾಳಿ ನೇರವಾಗಿ ಎಡಗಡೆಯಿಂದ ಬೀಸುತ್ತದೆ, ಮತ್ತು ಬಲಕ್ಕೆ ತಿರುಗುತ್ತ ಸಾಗುವ ಗುಂಡನ್ನು ಅದು ಬಲಕ್ಕಷ್ಟೇ ಅಲ್ಲ, ತುಸು ಕೆಳಕ್ಕೂ, ಗಡಿಯಾರದ ಮುಖದಲ್ಲಿ ನಾಲ್ಕು ಗಂಟೆಯ ಕಡೆಗೆ ಕೊಂಡೊಯ್ಯುತ್ತದೆ. ಅಲ್ಲಿ ಕುಳಿತು ಹತ್ತು ಅಂಕ ಬಯಸುವವರು ಗುರಿಯ ಎಡಮೇಲಕ್ಕೆ ದೃಷ್ಟಿಯಿಡಬೇಕು. ಎಷ್ಟು ಎಡಕ್ಕೆ ಎಂಬುದನ್ನು ಆ ಕ್ಷಣದ ಬಾವುಟಗಳು ಹೇಳುತ್ತವೆ.