ಕುಶಲಕರ್ಮಿಯ ಕೈಯಲ್ಲಿ ಸೀಸದಕಡ್ಡಿ

ಬಡಗಿಯ ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲನ್ನು ಕಾಣದವರು ನಮ್ಮ ಭಾಗದಲ್ಲಿ ಯಾರೂ ಇರಲಾರರು. ಅದು ಹಲಗೆಯ ಮೇಲೆ ಗೆರೆ ಎಳೆಯುತ್ತದೆ. ಗರಗಸ ಆ ಗೆರೆಯನ್ನು ನುಂಗಿಬಿಡುತ್ತದೆ. ಸಂಜೆಯ ಹೊತ್ತಿಗೆ ಅದರ ಗುರುತೇ ಉಳಿಯುವುದಿಲ್ಲ. ಅದೇ ಪೆನ್ಸಿಲು ಬಿಡುವಿನ ವೇಳೆಯಲ್ಲಿ ಕಾಗದದ ಮೇಲೆ ಉಳಿಯುವ ಗೆರೆಯನ್ನೂ ಎಳೆಯಬಾರದೇಕೆ ಎಂಬ ವಿಚಾರವನ್ನು ಓದುಗ ಬಾಂಧವರ ಮುಂದಿಡಬೇಕೆಂದು ಬಹುದಿನಗಳಿಂದ ನಮ್ಮ ಮನಸ್ಸಿನಲ್ಲಿತ್ತು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳು ಒಕ್ಕಲುತನದ ಸೀಮೆಗಳಾಗಿರುವಂತೆ ಕೈಕಸಬಿನ ಸೀಮೆಗಳೂ ಹೌದು. ರಾಮದುರ್ಗ, ಸುರೇಬಾನ ಕಡೆಗೆ ನೇಕಾರರು. ಊರೂರಿಗೆ ಬಡಿಗೇರರು, ಕಂಬಾರರು, ಪತ್ತಾರರು, ಕುಂಬಾರರು. ಸವದತ್ತಿ ತಾಲೂಕಿನ ಶಿರಸಂಗಿಯನ್ನು ನಮ್ಮ ಸಮಾಜದವರು ತ್ಯಾಗವೀರ ಲಿಂಗರಾಜ ದೇಸಾಯಿಯವರಿಂದ ನೆನೆಯುತ್ತೇವೆ; ವಿಶ್ವಕರ್ಮ ಬಂಧುಗಳು ಅದೇ ಊರನ್ನು ಕಾಳಿಕಾದೇವಿಯಿಂದ ನೆನೆಯುತ್ತಾರೆ. ವಿದ್ಯೆಗೆ ಆಸ್ತಿ ಕೊಟ್ಟವರ ಊರೂ ಕೈಗೆಲಸದವರ ದೇವಿಯ ಊರೂ ಒಂದೇ ಆಗಿರುವುದು ನಮಗೆ ಯಾವಾಗಲೂ ಸಂತೋಷದ ಸಂಗತಿ.

ಕೆಲವು ವರ್ಷಗಳ ಕೆಳಗೆ ಬೈಲಹೊಂಗಲದ ಹಿರಿಯ ಬಡಗಿಯೊಬ್ಬರು ನಮ್ಮ ಗ್ರಂಥಗಳಿಗಾಗಿ ಕಪಾಟು ಮಾಡಲು ಬಂದಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಅವರಿಗೊಂದು ಹಾಳೆ ಕೊಟ್ಟು, ಎದುರಿಗಿದ್ದ ಸ್ಟೂಲನ್ನು ಕಂಡಂತೆ ಬರೆಯಿರಿ ಎಂದೆವು. ಅವರು ಮೇಲಿನ ಹಲಗೆಯನ್ನು ನಿಜವಾದ ಚೌಕವಾಗಿಯೇ, ನಾಲ್ಕು ಕಾಲುಗಳನ್ನು ಸರಿಸಮ ಉದ್ದವಾಗಿಯೇ ಬರೆದರು. ಅಳತೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಆದರೂ ಹಾಳೆಯ ಮೇಲೆ ಅದು ನಿಲ್ಲಲಾರದ ಸ್ಟೂಲಾಗಿತ್ತು. “ಗುರುಗಳ, ಇದನ್ನ ನೋಡಿ ಸ್ಟೂಲ ಮಾಡಬಹುದು, ಆದರ ಇದರ ಮ್ಯಾಲ ಕೂಡ್ರಾಕ ಬರೂದಿಲ್ಲ” ಎಂದು ಅವರೇ ನಕ್ಕರು.

ಇದು ಅವರೊಬ್ಬರ ತಪ್ಪಲ್ಲ. ಕಸಬುದಾರನ ಕೈ ವಸ್ತುವನ್ನು ಅದು ಇರುವಂತೆ ಬಲ್ಲದು. ಚಿತ್ರಕ್ಕೆ ಬೇಕಾದದ್ದು ಅದು ಕಾಣುವ ರೀತಿ. ಹಿಂದಿನ ಕಾಲು ಮುಂದಿನದಕ್ಕಿಂತ ಗಿಡ್ಡವಾಗಿ ಕಾಣುತ್ತದೆಂದು ಬಡಗಿ ಅದನ್ನು ಗಿಡ್ಡವಾಗಿಯೇ ಕೊಯ್ದರೆ ಅವನಿಗೆ ಯಾರು ಕೂಲಿ ಕೊಟ್ಟಾರು? ನಲವತ್ತು ವರ್ಷ ಕಣ್ಣಿನ ಮಾತನ್ನು ಬಿಟ್ಟು ಅಳತೆಗೋಲಿನ ಮಾತನ್ನೇ ನಂಬಿದವನು, ಈಗ ಕಣ್ಣನ್ನು ನಂಬು ಎಂದರೆ ತಡವರಿಸುವುದು ಸಹಜ. ಕುಂಬಾರರ ಮನೆಯಲ್ಲಿಯೂ ಇದನ್ನೇ ಕಂಡಿದ್ದೇವೆ. ಮಗೆಯ ಬಾಯಿ ದುಂಡಗಿರುತ್ತದೆಂದು ಬಲ್ಲ ಅಜ್ಜ ಅದನ್ನು ಬಳೆಯಂತೆಯೇ ದುಂಡಗೆ ಬರೆದರು. ಪಕ್ಕದಲ್ಲಿದ್ದ ಮೊಮ್ಮಗಳು, “ಮುತ್ಯಾ, ಅದು ಹಂಗ ಕಾಣವಲ್ದು, ಚಪ್ಪಟ ಕಾಣತೈತಿ” ಎಂದಳು. ಬಾಲಕಿಗೆ ಮಗೆ ಮಾಡಲು ಬಾರದು. ಆದುದರಿಂದ ಅವಳಿಗೆ ಅದು ಕಂಡಿತು.

ಈ ಮೊದಲ ತೊಡಕು ದಾಟಿತೆಂದರೆ ಕುಶಲಕರ್ಮಿಯಷ್ಟು ಬೇಗ ಮುಂದುವರಿಯುವವರು ಇನ್ನೊಬ್ಬರಿಲ್ಲ. ಕೈ ನಡುಗುವುದಿಲ್ಲ, ತಾಳ್ಮೆ ಹೊಸದಾಗಿ ಕಲಿಯಬೇಕಾಗಿಲ್ಲ. ಗವಂಡಿಗೆ ತೂಗುಗುಂಡಿನ ದಾರ ಗೊತ್ತು. ಅದನ್ನು ಕಣ್ಣೆದುರು ಹಿಡಿದರೆ ಯಾವ ಗೆರೆ ನೆಟ್ಟಗಿದೆ, ಯಾವುದು ವಾಲಿದೆ ಎಂಬುದು ಚಿತ್ರಕ್ಕೂ ತಿಳಿಯುತ್ತದೆ. ತೋಳನ್ನು ಪೂರ್ತಿ ಚಾಚಿ ಪೆನ್ಸಿಲಿನ ಮೇಲೆ ಹೆಬ್ಬೆರಳಿನ ಗುರುತಿಟ್ಟು, ವಸ್ತುವಿನ ಅಗಲ ಅದರ ಎತ್ತರದಲ್ಲಿ ಎಷ್ಟು ಪಾಲೆಂದು ಅಳೆಯುವುದನ್ನು ತೋರಿಸಿದಾಗ ನಮ್ಮ ಬಡಗಿಯವರು, ಇದೂ ಅಳತೆಯೇ ಅಲ್ಲವೇ ಎಂದು ಸಮಾಧಾನಪಟ್ಟರು. ಪೆನ್ಸಿಲನ್ನು ಅವರು ಉಳಿಯಿಂದಲೇ ಹೆರೆಯುತ್ತಾರೆ. ಅಂತಹ ನೀಳವಾದ ಮೊನೆ ಯಾವ ಅಂಗಡಿಯ ಶಾರ್ಪನರಿನಿಂದಲೂ ಬರುವುದಿಲ್ಲ.

ಸೀಸದಕಡ್ಡಿ ಎಂದು ಹಿರಿಯರು ಕರೆದರೂ ಅದರಲ್ಲಿ ಸೀಸವಿಲ್ಲ. ಇರುವುದು ಇಂಗಾಲದ ಒಂದು ರೂಪವಾದ ಗ್ರಾಫೈಟ್. ಅದರ ಪುಡಿಯನ್ನು ಜೇಡಿಮಣ್ಣಿನೊಡನೆ ಕಲಸಿ ಸುಡುವ ವಿಧಾನವನ್ನು 1795ರಲ್ಲಿ ಫ್ರಾನ್ಸಿನ ಕಾಂಟೆ ಎಂಬಾತನು ರೂಢಿಗೆ ತಂದನು. ಮಣ್ಣು ಹೆಚ್ಚಾದರೆ ಕಡ್ಡಿ ಗಟ್ಟಿ, ಗೆರೆ ತಿಳಿ. ಗ್ರಾಫೈಟ್ ಹೆಚ್ಚಾದರೆ ಮೆತ್ತಗೆ, ಕಪ್ಪು. ಎಚ್, ಎಚ್‌ಬಿ, 2ಬಿ, 4ಬಿ, 6ಬಿ ಎಂಬ ಗುರುತುಗಳ ಅರ್ಥ ಇಷ್ಟೇ. ಮಣ್ಣು ಸುಡುವ ಕುಂಬಾರನಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಪ್ರಾರಂಭಕ್ಕೆ ಎಚ್‌ಬಿ, 2ಬಿ, 6ಬಿ ಈ ಮೂರು ಕಡ್ಡಿ, ಒಂದು ರಬ್ಬರು, ದಪ್ಪನೆಯ ಡ್ರಾಯಿಂಗ್ ಹಾಳೆ ಸಾಕು. ಒಂದು ತಂಬಿಗೆಯನ್ನು ಕಿಟಕಿಯ ಬಳಿ ಇಟ್ಟು ಬೆಳಕು ಒಂದೇ ಕಡೆಯಿಂದ ಬೀಳುವಂತೆ ಮಾಡಬೇಕು. ಬೆಳಕು ನೇರ ತಾಗಿದ ಜಾಗ, ಅರೆನೆರಳು, ಗಾಢ ನೆರಳು, ಅಂಚಿನಲ್ಲಿ ನೆಲದಿಂದ ಮರಳಿ ಬಂದ ಮಂದ ಬೆಳಕು, ನೆಲದ ಮೇಲೆ ಬಿದ್ದ ನೆರಳು: ಇವನ್ನು ಬೇರೆಬೇರೆಯಾಗಿ ಕಾಣಲು ಬಂದ ದಿನ ತಂಬಿಗೆ ಹಾಳೆಯ ಮೇಲೆ ದುಂಡಗಾಗುತ್ತದೆ. ಬೆರಳಿನಿಂದ ತಿಕ್ಕಿ ನೆರಳು ಮಾಡುವುದು ಬೇಡ. ಬೆವರಿನ ಜಿಡ್ಡು ಕೂಡಿ ಹಾಳೆ ಕೊಳೆಯಾಗುತ್ತದೆ.

ರಾಮದುರ್ಗದ ನೇಕಾರರೊಬ್ಬರ ಮಾರ್ಗ ಬೇರೆ. ಅಂಚು ಸೆರಗುಗಳ ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ತುಂಬಿದ ಕೈ ಅವರದು. ಹಾಸು ಹೊಕ್ಕುಗಳು ಕೂಡುವ ಒಂದೊಂದು ಸ್ಥಳಕ್ಕೆ ಒಂದೊಂದು ಚೌಕ. ಕೈಮಗ್ಗ ನಿಂತು ಊರಲ್ಲಿ ವಿದ್ಯುತ್ ಮಗ್ಗದ ಸಪ್ಪಳವೇ ತುಂಬಿದ ಮೇಲೆ ಅವರು ತೀರಿಹೋದ ತಂದೆಯ ಫೋಟೋದ ಮೇಲೆ ಚೌಕ ಹಾಕಿ, ದೊಡ್ಡ ಹಾಳೆಯ ಮೇಲೆ ಅಷ್ಟೇ ಚೌಕಗಳನ್ನು ಹಾಕಿ ಮುಖ ಬರೆಯತೊಡಗಿದರು. ಹೋಲಿಕೆ ಚೆನ್ನಾಗಿಯೇ ಬಂದಿತು. ಆದರೆ ಚೌಕದಲ್ಲಿ ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರಗಳಿಗೆ ಒಗ್ಗಿದ ಅವರಿಗೆ ಕೆನ್ನೆಯ ಇಳಿಜಾರಿನ ನೆರಳು ಒಲಿಯಲು ಎಂಟು ತಿಂಗಳು ಹಿಡಿಯಿತು. ಮೊಬೈಲಿನ ಪರದೆಯಿಂದ ನಟರ ಮುಖಗಳನ್ನು ನಕಲು ಮಾಡುವ ತರುಣರಿಗೂ ಇದೇ ಮಾರ್ಗ ಪ್ರಿಯ. ನಮಗೆ ಅದು ಅರ್ಧ ಕಲಿಕೆಯೆಂದೇ ತೋರುತ್ತದೆ. ವಸ್ತುವನ್ನು ಚಪ್ಪಟೆ ಮಾಡುವ ಕೆಲಸವನ್ನು ಕ್ಯಾಮರಾ ಮೊದಲೇ ಮುಗಿಸಿರುತ್ತದೆ.

ಎದುರಿಗೆ ಕುಳಿತು ಬರೆಯಲು ನಮ್ಮಲ್ಲಿ ಸ್ಥಳಗಳಿಗೇನು ಕೊರತೆ? ಕಿತ್ತೂರಿನ ಅರಮನೆಯ ಮುರಿದ ಗೋಡೆಗಳು, ಅಲ್ಲಿಗೆ ಸಮೀಪದ ದೇಗಾವಿಯಲ್ಲಿ 12ನೆಯ ಶತಮಾನದ ಕಮಲನಾರಾಯಣ ದೇವಾಲಯ, ಸವದತ್ತಿ ಕೋಟೆಯಲ್ಲಿನ ರೇಖಾವಿನ್ಯಾಸದ ಕೆತ್ತನೆಗಳು, ಹೂಲಿಯ ಪಂಚಲಿಂಗೇಶ್ವರ. ದೇಗಾವಿಯ ಗುಡಿಯನ್ನು ಗೋವೆಯ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದಳು. ಕಟ್ಟಿದ ಶಿಲ್ಪಿ ತಿಪ್ಪೋಜ. ರಾಣಿಯ ಹೆಸರಿನೊಂದಿಗೆ ಶಿಲ್ಪಿಯ ಹೆಸರೂ ಉಳಿದಿದೆ ಎಂದಾಗ ಬಡಗಿಯವರು ಬಹಳ ಹೊತ್ತು ಮಾತನಾಡಲಿಲ್ಲ.

ಕಂಡಂತೆ ಬರೆಯುವ ಕಲೆಗೆ ನಮ್ಮ ಭಾಗದಲ್ಲಿ ದೊಡ್ಡ ಗುರುಗಳಿದ್ದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಚಿತ್ರಕಲಾ ಶಾಲೆಯನ್ನು ಕಟ್ಟಿದರು. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರು ಭಾವಚಿತ್ರದ ವಿದ್ಯೆಯನ್ನು ಕಲಿಸಿದರು. 2022ರಲ್ಲಿ ಅಗಲಿದ ರವಿ ಪರಾಂಜಪೆ ಅವರ ಕೈಯಲ್ಲಿ ಕಲಿತವರು. ಆದರೆ ಕಸಬುದಾರರ ಮನೆಯಿಂದ ಬಿಡುವಿನ ಕಲಿಕೆಗಾಗಿ ಅಂತಹ ಬಾಗಿಲಿಗೆ ಹೋದವರನ್ನು ನಾವು ಕಂಡದ್ದು ಕಡಿಮೆ.

ಅದಕ್ಕೆ ಕಾರಣ ಮನೆಯಲ್ಲಿಯೇ ಇದೆ. ನೇಕಾರರ ಮನೆಯವರು ನಮ್ಮೆದುರಿಗೇ, “ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗಾತ್ರಿ” ಎಂದರು. ಆ ತಾಯಿಯ ಮಾತನ್ನು ತಳ್ಳಿಹಾಕುವುದು ನ್ಯಾಯವಲ್ಲ. ಮಗ್ಗ ನಿಂತ ಮನೆಯ ಲೆಕ್ಕ ಅವರಿಗೇ ಗೊತ್ತು. ಕಾಯಕದ ಹೊತ್ತನ್ನು ಕದ್ದು ಚಿತ್ರ ಬರೆಯಿರೆಂದು ನಾವೂ ಹೇಳೆವು. ಆದರೆ ಜೀವಮಾನವೆಲ್ಲ ಗಿರಾಕಿಯ ಅಳತೆಗೆ, ಗಿರಾಕಿಯ ಬಯಕೆಗೆ ದುಡಿದ ಕೈ ರಾತ್ರಿ ಒಂದು ಗಳಿಗೆ ಯಾರ ಅಪ್ಪಣೆಯೂ ಇಲ್ಲದೆ ದುಡಿದರೆ ಅದನ್ನು ಸೋಮಾರಿತನವೆಂದು ಕರೆಯಲು ನಮಗೆ ಬಾಯಿ ಬರುವುದಿಲ್ಲ. ಈಗ ಆ ತಾಯಿ ಮಾವನವರ ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಮಾತು ಮಾತ್ರ ಹಿಂದೆ ತೆಗೆದುಕೊಂಡಿಲ್ಲ!

ಬೈಲಹೊಂಗಲದ ಬಡಗಿಯವರು ಸ್ಟೂಲು, ತಂಬಿಗೆಗಳನ್ನು ದಾಟಿ ಇಂದು ತಮ್ಮ ತಂದೆಯ ಉಪಕರಣಗಳನ್ನು ಬರೆಯುತ್ತಿದ್ದಾರೆ. ಬಾಚಿ, ಉಳಿಗಳು, ಹತ್ತರಿ, ಕೈಗರಗಸ. ಹಿಡಿಕೆ ಎಲ್ಲಿ ಸವೆದು ಹೊಳಪೇರಿದೆಯೋ ಅಲ್ಲಿ ಬಿಳಿ ಹಾಳೆಯನ್ನು ಹಾಗೆಯೇ ಬಿಡುತ್ತಾರೆ. ಮಗನು ಯಂತ್ರದಿಂದ ಬಾಗಿಲು ಮಾಡುತ್ತಾನೆ. ಅವನಿಗೆ ಇವುಗಳ ಹೆಸರು ಬೇಕಾಗಿಲ್ಲ. ಹೀಗಾಗಿ ಪ್ರತಿಯೊಂದು ಚಿತ್ರದ ಕೆಳಗೆ ಹೆಸರು ಬರೆದುಕೊಡುವ ಕೆಲಸವನ್ನು ನಾವು ವಹಿಸಿಕೊಂಡಿದ್ದೇವೆ. ಇಪ್ಪತ್ತಮೂರು ಹಾಳೆಗಳಾಗಿವೆ. ಎರಡು ಉಪಕರಣಗಳ ಹೆಸರು ಅವರಿಗೂ ನೆನಪಾಗಿಲ್ಲ, ನಮ್ಮ ನಿಘಂಟುಗಳಲ್ಲಿಯೂ ಸಿಕ್ಕಿಲ್ಲ. ಆ ಎರಡು ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಅವರು ಈ ಸಲ ಶಿರಸಂಗಿಯ ಜಾತ್ರೆಗೆ ಹೋಗಲಿದ್ದಾರೆ; ಅಲ್ಲಿಗೆ ಬರುವ ಹಳೆಯ ಬಡಿಗೇರರಲ್ಲಿ ಯಾರಿಗಾದರೂ ಗೊತ್ತಿರಬಹುದು ಎನ್ನುತ್ತಾರೆ.