ಕಲಕುವಿಕೆಯ ಹದ, ಎರಕದ ಗುಣ

ಮಿಶ್ರಲೋಹಗಳ ಪಾಠದ ಮುಂದುವರಿಕೆಯಾಗಿ ಸಂಯೋಜಿತ ವಸ್ತುಗಳನ್ನು ಪರಿಚಯಿಸುವುದು ಉಚಿತ. ಹಿತ್ತಾಳೆಯಲ್ಲಿ ತಾಮ್ರವೂ ಸತುವೂ ಕರಗಿ ಒಂದಾಗಿರುತ್ತವೆ. ದ್ರವ ಅಲ್ಯೂಮಿನಿಯಂಗೆ ಸಿಲಿಕಾನ್ ಕಾರ್ಬೈಡಿನ ಪುಡಿ ಸೇರಿಸಿ ಎರಕ ಹೊಯ್ದಾಗಲಾದರೋ ಕಠಿಣ ಕಣಗಳು ಕಣಗಳಾಗಿಯೇ ಲೋಹದಲ್ಲಿ ಹುದುಗಿ ಉಳಿಯುತ್ತವೆ. ಹಗುರವಾದರೂ ಸವೆತವನ್ನು ತಡೆಯುವ ಈ ವಸ್ತುವನ್ನು ವಾಹನಗಳ ಬ್ರೇಕ್ ಡಿಸ್ಕ್‌ಗಳಲ್ಲಿ ಬಳಸಿದ್ದಾರೆ. ಕಣಗಳು ಎಲ್ಲೆಡೆ ಸಮನಾಗಿ ಹರಡಿದ್ದರೆ ಮಾತ್ರ ಈ ಗುಣ ಸಿದ್ಧಿಸುತ್ತದೆ. ಅದು ಕಲಕುವ ಕ್ರಮವನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಕಲಕುವುದೇಕೆ?

ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕೆಸುವಿನ ಎಲೆಗೆ ನೀರು ಅಂಟದಂತೆ, ದ್ರವಲೋಹವೂ ಕಣಗಳಿಗೆ ಸುಲಭವಾಗಿ ಅಂಟದು. ಆದುದರಿಂದ ಸ್ವಲ್ಪ ಮೆಗ್ನೀಸಿಯಂ ಸೇರಿಸುತ್ತಾರೆ. ಪುಡಿಯನ್ನು ಮೊದಲೇ ಕಾಯಿಸಿ ತೇವ ಕಳೆಯುತ್ತಾರೆ. ಒಳಹೊಕ್ಕ ಕಣಗಳೂ ದ್ರವಲೋಹಕ್ಕಿಂತ ಸಾಂದ್ರವಾದುದರಿಂದ ತಳಕ್ಕಿಳಿಯುತ್ತವೆ. ಅಲಗುಗಳುಳ್ಳ ಕಲಕುಕೋಲು ತಿರುಗಿದಾಗ ಉಂಟಾಗುವ ಸುಳಿಯು ಕಣಗಳನ್ನು ಒಳಗೆಳೆದು ಹರಡುತ್ತದೆ.

ಹದ ತಪ್ಪಿದರೆ

ವೇಗ ಸಾಲದಿದ್ದರೆ ಅಂಬಲಿಯಲ್ಲಿ ಹಿಟ್ಟು ಗಂಟುಕಟ್ಟುವಂತೆ ಕಣಗಳು ಗುಂಪುಗೂಡುತ್ತವೆ. ಆ ಗಂಟುಗಳಿಂದಲೇ ಬಿರುಕು ಹುಟ್ಟುತ್ತದೆ. ಇದಕ್ಕೆ ಹೆದರಿ ವೇಗವನ್ನು ಮಿತಿಮೀರಿಸಿದರೆ ಸುಳಿ ಆಳವಾಗಿ ಗಾಳಿಯನ್ನೂ ಸೆಳೆದುಕೊಳ್ಳುತ್ತದೆ. ಎರಕದಲ್ಲಿ ರಂಧ್ರಗಳು ಉಳಿದು ಬಲ ಕುಂದುತ್ತದೆ. ಅತಿಯಾದ ಉಷ್ಣತೆಯಲ್ಲಿ ದೀರ್ಘಕಾಲ ಕಲಕಿದರೆ ಭಂಗುರವಾದ ಅಲ್ಯೂಮಿನಿಯಂ ಕಾರ್ಬೈಡ್ ಉಂಟಾಗಬಹುದು. ಅದು ನೀರಿನೊಡನೆಯೂ ವರ್ತಿಸುತ್ತದೆ. ಅಲಗು ಮೇಲ್ಮಟ್ಟದಲ್ಲಿದ್ದರೆ ತಳದ ಕಣಗಳು ಮೇಲೇಳವು. ಕಲಕಿ ನಿಲ್ಲಿಸಿ ತಡವಾಗಿ ಹೊಯ್ದರೆ ಕಣಗಳು ಮತ್ತೆ ತಳಸೇರುತ್ತವೆ.

ಒಂದು ದೋಷದ ಪರಿಹಾರವೇ ಅತಿಯಾದಾಗ ಇನ್ನೊಂದು ದೋಷಕ್ಕೆ ಕಾರಣವಾಗುವುದೆಂಬುದು ಇಲ್ಲಿನ ಮುಖ್ಯಾಂಶ. ಸಾಮಾನ್ಯವಾಗಿ ನಿಮಿಷಕ್ಕೆ ಕೆಲವು ನೂರು ಸುತ್ತುಗಳ ವೇಗ ಬಳಕೆಯಲ್ಲಿದೆ. ಆದರೂ ಮೂಸೆಯ ಗಾತ್ರ, ಅಲಗಿನ ಆಕಾರ, ಕಣಗಳ ಪ್ರಮಾಣಕ್ಕೆ ತಕ್ಕಂತೆ ಹದವನ್ನು ಪ್ರಯೋಗದಿಂದಲೇ ಕಂಡುಕೊಳ್ಳಬೇಕು. ಇಂತಹ ಎರಕಗಳ ತಯಾರಿಕೆಯನ್ನೂ ಗುಣಗಳನ್ನೂ ಕುರಿತು ಭಾರತೀಯ ವಿಜ್ಞಾನಿಗಳಾದ ಎಂ.ಕೆ. ಸೂರಪ್ಪ ಮತ್ತು ಪ್ರದೀಪ್ ರೋಹಟ್ಗಿ 1981ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಸಿದ್ಧವಾಗಿದೆ.

ತರಗತಿ ಚಟುವಟಿಕೆ

ಎತ್ತರದ ಪಾರದರ್ಶಕ ಲೋಟದಲ್ಲಿ ನೀರು ತುಂಬಿ ಎರಡು ಚಿಟಿಕೆ ನಯವಾದ ಮರಳು ಹಾಕಿರಿ. ಚಮಚದಿಂದ ಮೊದಲು ನಿಧಾನವಾಗಿ, ಬಳಿಕ ಸಾಧಾರಣವಾಗಿ, ಕೊನೆಗೆ ರಭಸದಿಂದ ಕಲಕಿಸಿರಿ. ಮರಳು ಏಳುವುದು, ಸುಳಿ ಆಳವಾಗುವುದು, ಗುಳ್ಳೆಗಳು ಸೇರುವುದು, ನಿಲ್ಲಿಸಿದೊಡನೆ ಮರಳು ಇಳಿಯುವುದು ಇವನ್ನು ಮಕ್ಕಳು ಬರೆದಿಡಲಿ. ನೀರು ಮರಳಿಗೆ ಅಂಟುವುದರಿಂದ, ಅಂಟದಿರುವ ಗುಣವನ್ನು ಕೆಸುವಿನ ಎಲೆಯಲ್ಲಿ ಪ್ರತ್ಯೇಕವಾಗಿ ತೋರಿಸಿರಿ. ಲೋಹ ಕರಗಿಸುವ ಪ್ರಯತ್ನವನ್ನು ಶಾಲೆಯಲ್ಲಿ ಸರ್ವಥಾ ಮಾಡಕೂಡದು.

ಪದಗಳ ಎಚ್ಚರ

'ಸಂಯುಕ್ತ'ವೂ 'ಸಂಯೋಜಿತ'ವೂ ಒಂದೇ ಎಂದು ಮಕ್ಕಳು ಭಾವಿಸುವ ಸಂಭವವುಂಟು. ಸಂಯುಕ್ತದಲ್ಲಿ ಧಾತುಗಳು ರಾಸಾಯನಿಕವಾಗಿ ಕೂಡಿರುತ್ತವೆ. ಸಂಯೋಜಿತದಲ್ಲಿ ಎರಡು ವಸ್ತುಗಳು ತಮ್ಮತನ ಉಳಿಸಿಕೊಂಡೇ ಜೊತೆಗಿರುತ್ತವೆ. ಮುಂದೆ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಬೇರೆ ಭಾಷೆಯಲ್ಲಿ ಓದಬೇಕಾದ ಗಡಿನಾಡಿನ ಮಕ್ಕಳಿಗೆ ಈ ಭೇದ ಕನ್ನಡದಲ್ಲಿ ಮನದಟ್ಟಾಗಿದ್ದರೆ, ಪದ ಬದಲಾದರೂ ಅರ್ಥ ತಪ್ಪದು.