ಗಣಕಯಂತ್ರಕ್ಕೆ ಹೊರ ಸ್ಪೀಕರ್ ಜೋಡಿಸುವ ವಿಧಾನ: ಸಾರ್ವಜನಿಕರಿಗೆ ಮಾಹಿತಿ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ನಾಗರಿಕರು ಜಾತಿ ಮತ್ತು ಆದಾಯ ಪ್ರಮಾಣಪತ್ರ ಮುಂತಾದ ಸೇವೆಗಳಿಗೆ ಗಣಕಯಂತ್ರದ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ದೃಷ್ಟಿದೋಷವುಳ್ಳ ಅರ್ಜಿದಾರರು ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಅರ್ಜಿಯನ್ನು ಸ್ವತಃ ಭರ್ತಿ ಮಾಡಬಹುದು. ಎನ್‌ವಿಡಿಎ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಅದರೊಡನೆ ಬರುವ ಇ-ಸ್ಪೀಕ್ ಧ್ವನಿಯು ಕನ್ನಡವನ್ನೂ ಓದುತ್ತದೆ. ಆದರೆ ಸ್ಪೀಕರ್ ಜೋಡಣೆ ಸರಿಯಿಲ್ಲದಿದ್ದಲ್ಲಿ ಈ ಅನುಕೂಲವು ನಿರರ್ಥಕವಾಗುತ್ತದೆ. ಆದ್ದರಿಂದ ಜೋಡಣೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಸೌಂಡ್ ಕಾರ್ಡ್‌ನ ಕಾರ್ಯ

ಗಣಕಯಂತ್ರದಲ್ಲಿ ಧ್ವನಿಯು ಅಂಕಿಗಳ ರೂಪದಲ್ಲಿರುತ್ತದೆ. ಸೌಂಡ್ ಕಾರ್ಡ್ ಅದನ್ನು ವಿದ್ಯುತ್ ಸಂಕೇತವನ್ನಾಗಿ ಪರಿವರ್ತಿಸುತ್ತದೆ. ಸದರಿ ಸಂಕೇತವು ಬಹಳ ದುರ್ಬಲವಾಗಿರುವುದರಿಂದ ಹಳೆಯ ರೇಡಿಯೋ ಅಥವಾ ದೂರದರ್ಶನದಿಂದ ತೆಗೆದ ಸ್ಪೀಕರನ್ನು ನೇರವಾಗಿ ಜೋಡಿಸಿದರೆ ಧ್ವನಿ ಕೇಳಿಸದು, ಕೇಳಿಸಿದರೂ ಕ್ಷೀಣವಾಗಿರುತ್ತದೆ. ಆಂಪ್ಲಿಫೈಯರ್ ಅಳವಡಿಸಿರುವ ಸ್ಪೀಕರನ್ನೇ ಬಳಸತಕ್ಕದ್ದು.

ಜೋಡಿಸುವ ಕ್ರಮ

1. ಸ್ಪೀಕರನ್ನು ಆಫ್ ಮಾಡಿ, ಅದರ ಧ್ವನಿ ಮಟ್ಟವನ್ನು ಕನಿಷ್ಠಕ್ಕೆ ಇಳಿಸಬೇಕು.

2. ಸ್ಪೀಕರ್ ತಂತಿಯ 3.5 ಮಿ.ಮೀ. ಪಿನ್ನನ್ನು ಗಣಕಯಂತ್ರದ ಹಿಂಬದಿಯ ತಿಳಿ ಹಸಿರು ಬಣ್ಣದ ರಂಧ್ರಕ್ಕೆ ಪೂರ್ತಿಯಾಗಿ ಸೇರಿಸಬೇಕು. ಗುಲಾಬಿ ಬಣ್ಣದ ರಂಧ್ರವು ಮೈಕ್‌ಗೆ, ತಿಳಿ ನೀಲಿ ಬಣ್ಣದ್ದು ಹೊರಗಿನ ಉಪಕರಣದ ಧ್ವನಿಯನ್ನು ಒಳಗೆ ಪಡೆಯಲು ಮೀಸಲು. ಲ್ಯಾಪ್‌ಟಾಪ್‌ನಲ್ಲಿ ಹೆಡ್‌ಫೋನ್ ಗುರುತಿರುವ ರಂಧ್ರವನ್ನು ಬಳಸಬಹುದು.

3. ಕೆಲವು ಸ್ಪೀಕರ್‌ಗಳ ಯು.ಎಸ್.ಬಿ. ತಂತಿಯು ವಿದ್ಯುತ್ತನ್ನು ಮಾತ್ರ ಪಡೆಯುತ್ತದೆ. ಅಂತಹವುಗಳಿಗೆ 3.5 ಮಿ.ಮೀ. ಪಿನ್ನನ್ನೂ ಸೇರಿಸುವುದು ಅವಶ್ಯಕ.

4. ಸ್ಪೀಕರ್ ಆನ್ ಮಾಡಿ, ಧ್ವನಿಯನ್ನು ನಿಧಾನವಾಗಿ ಏರಿಸಬೇಕು.

ಧ್ವನಿ ಬಾರದಿದ್ದಲ್ಲಿ

ವಿಂಡೋಸ್ ಗಣಕಯಂತ್ರದ ಪರದೆಯ ಕೆಳಭಾಗದ ಪಟ್ಟಿಯಲ್ಲಿರುವ ಸ್ಪೀಕರ್ ಚಿಹ್ನೆಯನ್ನು ಒತ್ತಿ, ಧ್ವನಿಯು ಮ್ಯೂಟ್ ಆಗಿದೆಯೇ ಎಂದು ಪರಿಶೀಲಿಸಬೇಕು. ಮಾನಿಟರ್‌ಗೆ ಎಚ್.ಡಿ.ಎಂ.ಐ. ತಂತಿ ಜೋಡಿಸಿದ್ದರೆ ಧ್ವನಿಯು ಮಾನಿಟರ್‌ನತ್ತ ಹೋಗುತ್ತಿರುವ ಸಾಧ್ಯತೆ ಇದೆ. ಅಂತಹ ಸಂದರ್ಭದಲ್ಲಿ ಅದೇ ಚಿಹ್ನೆಯ ಮೂಲಕ ಸೂಕ್ತ ಸ್ಪೀಕರನ್ನು ಆಯ್ಕೆ ಮಾಡಬೇಕು. ನಂತರವೂ ಧ್ವನಿ ಬಾರದಿದ್ದರೆ ಅದೇ ಸ್ಪೀಕರನ್ನು ಮೊಬೈಲಿಗೆ ಜೋಡಿಸಿ ನೋಡಬಹುದು. ಅಲ್ಲಿ ಧ್ವನಿ ಬಂದರೆ ದೋಷವು ಗಣಕಯಂತ್ರದ್ದೆಂದೂ, ಬಾರದಿದ್ದರೆ ಸ್ಪೀಕರ್ ಅಥವಾ ತಂತಿಯದೆಂದೂ ತಿಳಿಯುತ್ತದೆ. ಇದರಿಂದ ಅನಗತ್ಯ ದುರಸ್ತಿ ವೆಚ್ಚವನ್ನು ತಪ್ಪಿಸಬಹುದು.

ಗುಂಯ್‌ಗುಡುವ ಸದ್ದು ಬರುತ್ತಿದ್ದರೆ ಗಣಕಯಂತ್ರ ಮತ್ತು ಸ್ಪೀಕರ್ ಎರಡಕ್ಕೂ ಒಂದೇ ವಿದ್ಯುತ್ ಬೋರ್ಡಿನಿಂದ ಸಂಪರ್ಕ ನೀಡಬೇಕು. ಧ್ವನಿ ತಂತಿಯನ್ನು ವಿದ್ಯುತ್ ತಂತಿಯಿಂದ ದೂರವಿಡಬೇಕು. ಸದ್ದು ನಿಲ್ಲಿಸುವ ಸಲುವಾಗಿ ಪ್ಲಗ್‌ನ ಅರ್ಥಿಂಗ್ ಪಿನ್ನನ್ನು ಯಾವುದೇ ಕಾರಣಕ್ಕೂ ತೆಗೆಯಬಾರದು; ಇದರಿಂದ ಪ್ರಾಣಾಪಾಯ ಸಂಭವಿಸಬಹುದು.

ಸ್ಥಳೀಯವಾಗಿ ಗಮನಿಸಬೇಕಾದ ಅಂಶಗಳು

ಸುಣ್ಣದ ಕಲ್ಲಿನ ಗಣಿಗಳು ಹಾಗೂ ಸಿಮೆಂಟ್ ಕಾರ್ಖಾನೆಗಳಿರುವ ಈ ಭಾಗದಲ್ಲಿ ಧೂಳು ರಂಧ್ರದೊಳಗೆ ಸೇರಿದರೆ ಕರಕರ ಸದ್ದು ಬರುತ್ತದೆ. ಪಿನ್ನನ್ನು ಒಣ ಬಟ್ಟೆಯಿಂದ ಒರೆಸಬೇಕು, ಬಳಸದಿರುವಾಗ ಯಂತ್ರವನ್ನು ಹೊದಿಕೆಯಿಂದ ಮುಚ್ಚಿಡಬೇಕು. ಶಹಾಬಾದ್ ಕಲ್ಲು ಹಾಸಿದ ನೆಲ ಹಾಗೂ ಬರಿಯ ಗೋಡೆಗಳಿರುವ ಕೊಠಡಿಯಲ್ಲಿ ಧ್ವನಿಯು ಪ್ರತಿಧ್ವನಿಸಿ ಮಾತು ಅಸ್ಪಷ್ಟವಾಗುತ್ತದೆ. ಇಂತಹ ಕಡೆ ಧ್ವನಿಯನ್ನು ಏರಿಸುವುದರ ಬದಲು ಸ್ಪೀಕರನ್ನು ಕೇಳುಗರ ಸಮೀಪದಲ್ಲಿ, ಕಿವಿಯ ಎತ್ತರದಲ್ಲಿ ಇಡುವುದು ಸೂಕ್ತ.

ಗೋಪ್ಯತೆಯ ಬಗ್ಗೆ ಎಚ್ಚರಿಕೆ

ಓದುವ ತಂತ್ರಾಂಶವು ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಆದಾಯದ ವಿವರ ಮುಂತಾದ ಎಲ್ಲವನ್ನೂ ಗಟ್ಟಿಯಾಗಿ ಓದುತ್ತದೆ. ಸಾಲಿನಲ್ಲಿ ನಿಂತವರ ಕಿವಿಗೆ ಬಿದ್ದ ಖಾತೆ ಸಂಖ್ಯೆಯನ್ನು ಹಿಂದಕ್ಕೆ ಪಡೆಯಲಾಗದು. ಆದ್ದರಿಂದ ಸಾರ್ವಜನಿಕ ಸ್ಥಳದಲ್ಲಿ ಇಂತಹ ವಿವರಗಳನ್ನು ತುಂಬುವಾಗ ಸ್ಪೀಕರ್‌ನ ಬದಲು ಹೆಡ್‌ಫೋನ್ ಬಳಸತಕ್ಕದ್ದು. ಎನ್‌ವಿಡಿಎಯಲ್ಲಿ ಕಂಟ್ರೋಲ್ ಕೀಲಿಯನ್ನು ಒತ್ತಿದ ಕೂಡಲೇ ಓದು ನಿಲ್ಲುತ್ತದೆ. ಈ ಒಂದು ಕೀಲಿಯನ್ನು ಅರ್ಜಿದಾರರಿಗೆ ಮೊದಲೇ ತಿಳಿಸುವುದು ನೆರವಾಗುವವರ ಕರ್ತವ್ಯವಾಗಿದೆ.

ಮಾಹಿತಿಯು ವಿಕಲಚೇತನರಿಗೆ ನಿಲುಕುವ ರೂಪದಲ್ಲಿ ದೊರೆಯುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 42ನೇ ಪ್ರಕರಣವು ತಿಳಿಸುತ್ತದೆ. ತಮ್ಮ ಅರ್ಜಿಯಲ್ಲಿ ಏನು ಬರೆಯಲಾಗಿದೆ ಎಂಬುದನ್ನು ತಾವೇ ಕೇಳಿ, ತಪ್ಪಿದ್ದಲ್ಲಿ ತಿದ್ದಿಸಿ, ಆ ಬಳಿಕವೇ ಸಲ್ಲಿಸಲು ಅರ್ಜಿದಾರರು ಈ ಸೌಲಭ್ಯವನ್ನು ಸದುಪಯೋಗಪಡಿಸಿಕೊಳ್ಳಲು ಕೋರಲಾಗಿದೆ.